ಇರುವೆಯ ತಲೆಗೆ ಯಾವ ಲೆನ್ಸ್? ದಾಖಲೆಗಾಗಿ ಕ್ಲೋಸಪ್ ತೆಗೆಯುವವರಿಗೆ ಲೆನ್ಸ್ ಮತ್ತು ಫೋಕಸ್ ಆಯ್ಕೆ

ಮ್ಯಾಕ್ರೋ ಲೆನ್ಸ್ (ತುಂಬಾ ಹತ್ತಿರದಿಂದ ತೆಗೆಯಲೆಂದೇ ಮಾಡಿದ ಲೆನ್ಸ್) ತಗೊಳ್ಳೋದಾ, ಇರೋ ಲೆನ್ಸನ್ನೇ ತಿರುಗಿಸಿ ಹಾಕೋದಾ, ಇಲ್ಲ ಮೈಕ್ರೋಸ್ಕೋಪಿನ ಆಬ್ಜೆಕ್ಟಿವನ್ನು (ವಸ್ತುವಿನ ಕಡೆ ಇರುವ ಲೆನ್ಸನ್ನು) ಕ್ಯಾಮೆರಾಗೆ ಕೂರಿಸೋದಾ? ಕೀಟ, ಬೀಜ, ಹರಳು, ಪಾಚಿ ಇಂಥವನ್ನು ದಾಖಲೆಗಾಗಿ ತೆಗೆಯುವವರು ಹೆಚ್ಚಾಗಿ ಈ ಮೂರರ ನಡುವೆ ಸಿಕ್ಕಿಬೀಳುತ್ತಾರೆ. ಪ್ರಾಣಿಶಾಸ್ತ್ರದ ಮೇಷ್ಟ್ರು, ಪಿಎಚ್‌ಡಿ ಮಾಡುತ್ತಿರುವವರು, ತೋಟದಲ್ಲಿ ಕಂಡ ಹುಳ ಯಾವುದು ಅಂತ ತಿಳಿಯಲು ಹೊರಟ ಕೃಷಿಕರು, ಎಲ್ಲರೂ ಕೇಳುವುದು ಇದನ್ನೇ. ಆದರೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಯಾರಾದರೂ ಒಬ್ಬರ ದುಡ್ಡು ನೀರುಪಾಲು.

ಅಂಗಡಿಯಲ್ಲಿ "ಎಷ್ಟು ಎಕ್ಸ್ ಬೇಕು ಸಾರ್?" ಅಂತ ಕೇಳುತ್ತಾರೆ, ಅಂದರೆ ಎಷ್ಟು ಪಟ್ಟು. ಅದಕ್ಕೂ ಮೊದಲು ನೀವೇ ಕೇಳಿಕೊಳ್ಳಬೇಕಾದ್ದು ಬೇರೆ. ನಿಮ್ಮ ವಸ್ತು ಎಷ್ಟು ಮಿಲಿಮೀಟರ್ ಅಗಲ ಇದೆ? ಅದು ಅಲ್ಲಾಡುತ್ತದೋ, ಸುಮ್ನೆ ಕೂತಿರುತ್ತದೋ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ತಾನಾಗಿ ಮುಗಿಯುತ್ತದೆ.

ಯಾವುದನ್ನು ಅಳೆದು ನೋಡಬೇಕು

ಮೊದಲನೆಯದು ಚೌಕಟ್ಟಿನ ಅಗಲ. ಮ್ಯಾಗ್ನಿಫಿಕೇಶನ್ ಅಂದರೆ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಮೇಲೆ ಬಿದ್ದ ಬಿಂಬ ನಿಜವಾದ ವಸ್ತುವಿನ ಎಷ್ಟು ಪಟ್ಟು ಇದೆ ಅನ್ನುವುದು, ಅಷ್ಟೇ. ಎಪಿಎಸ್-ಸಿ ಅನ್ನುವ ಸಾಮಾನ್ಯ ಗಾತ್ರದ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ ಇರುತ್ತದೆ. ಕ್ಯಾನನ್‌ನಲ್ಲಿ ಸ್ವಲ್ಪ ಕಮ್ಮಿ, 22.3. ಹಾಗಾಗಿ 1 ಪಟ್ಟಿನಲ್ಲಿ 23.5 ಮಿ.ಮೀ. ಅಗಲದ ವಸ್ತು ಚೌಕಟ್ಟು ತುಂಬುತ್ತದೆ. 4 ಪಟ್ಟಿನಲ್ಲಿ ಸುಮಾರು 6 ಮಿ.ಮೀ., 10 ಪಟ್ಟಿನಲ್ಲಿ ಬರೀ 2.3 ಮಿ.ಮೀ. ಒಂದು ಪಾತರಗಿತ್ತಿಗೆ 1 ಪಟ್ಟು ಕೂಡ ಜಾಸ್ತಿಯಾಗಬಹುದು. ಮಲೆನಾಡಿನಲ್ಲಿ ಚಟ್ನಿಗೆ ಹೋಗುವ ಚಗಳಿ ಇರುವೆ ಇಡೀ ಕಾಣಬೇಕೆಂದರೆ 2 ಪಟ್ಟು ಸಾಕು, ಅದರ ತಲೆ ಮಾತ್ರ ಬೇಕೆಂದರೆ 8-10ಕ್ಕೆ ಹೋಗಬೇಕು. ಅಂದಹಾಗೆ ಆನ್‌ಲೈನಿನಲ್ಲಿ ಸಿಗುವ ಯುಎಸ್‌ಬಿ ಮೈಕ್ರೋಸ್ಕೋಪಿನ ಡಬ್ಬದ ಮೇಲೆ 1000 ಎಕ್ಸ್ ಅಂತ ಬರೆದಿರುತ್ತಾರಲ್ವಾ, ಅದಕ್ಕೆ ಅರ್ಥವಿಲ್ಲ. ಮಾನಿಟರ್ ದೊಡ್ಡದಾದಷ್ಟೂ ಆ ಸಂಖ್ಯೆ ದೊಡ್ಡದಾಗುತ್ತದೆ, ವಿವರ ಒಂದಿಷ್ಟೂ ಹೆಚ್ಚುವುದಿಲ್ಲ.

ಎರಡನೆಯದು ವಿವರ. ಇದನ್ನು ತೀರ್ಮಾನಿಸುವುದು ಲೆನ್ಸ್ ಎಷ್ಟು ಅಗಲದ ಕೋನದಲ್ಲಿ ಬೆಳಕನ್ನು ಹಿಡಿಯುತ್ತದೆ ಅನ್ನುವುದು. ಕ್ಯಾಮೆರಾ ಲೆನ್ಸಿನಲ್ಲಿ ಅದನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ (ಸಂಖ್ಯೆ ದೊಡ್ಡದಾದಷ್ಟೂ ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಚಿಕ್ಕದು), ಮೈಕ್ರೋಸ್ಕೋಪಿನಲ್ಲಿ ನ್ಯೂಮರಿಕಲ್ ಅಪರ್ಚರ್ ಅಥವಾ ಎನ್‌ಎ ಅಂತ. ಹತ್ತಿರ ಹೋದಂತೆ ಎಫ್ ಸಂಖ್ಯೆ ನಮಗೆ ಸುಳ್ಳು ಹೇಳಲು ಶುರುಮಾಡುತ್ತದೆ. ರಿಂಗಿನ ಮೇಲಿನ ಸಂಖ್ಯೆಯನ್ನು (1 + ಮ್ಯಾಗ್ನಿಫಿಕೇಶನ್)ನಿಂದ ಗುಣಿಸಿದರೆ ಸೆನ್ಸರ್‌ಗೆ ನಿಜವಾಗಿ ಸಿಗುವ ಅಪರ್ಚರ್ ಹೆಚ್ಚುಕಮ್ಮಿ ಬರುತ್ತದೆ. 1 ಪಟ್ಟಿನಲ್ಲಿ ಎಫ್ 8 ಅಂದರೆ ನಿಜಕ್ಕೂ ಎಫ್ 16. 4 ಪಟ್ಟಿನಲ್ಲಿ ಎಫ್ 8 ಇಟ್ಟರೆ ಎಫ್ 40! ಅಲ್ಲಿ ಬೆಳಕಿನ ಒಂದು ಬಿಂದು ಸೆನ್ಸರ್ ಮೇಲೆ 50 ಮೈಕ್ರಾನಿಗಿಂತ (1 ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ಅಗಲದ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ಪಿಕ್ಸೆಲ್ ಇರುವುದು 4 ಮೈಕ್ರಾನ್ ಆಸುಪಾಸು. ಹಾಗಾಗಿ "ಎಲ್ಲಾ ಫೋಕಸ್ ಆಗಲಿ" ಅಂತ ಎಫ್ 22ಕ್ಕೆ ಮುಚ್ಚಿದರೆ ಎಲ್ಲವೂ ಸಮನಾಗಿ ಮಸುಕಾಗುತ್ತದೆ.

ಮೂರನೆಯದು ಫೋಕಸಿನ ಆಳ. 1 ಪಟ್ಟಿನಲ್ಲಿ ಎಫ್ 8ರಲ್ಲಿ ಸಿಗುವ ಆಳ ಸುಮಾರು 1 ಮಿ.ಮೀ. 5 ಪಟ್ಟಿನಲ್ಲಿ ಎಫ್ 2.8ಕ್ಕೆ ತೆರೆದರೆ 0.04 ಮಿ.ಮೀ., ಅಂದರೆ 40 ಮೈಕ್ರಾನ್. ಇದು ಲೆನ್ಸಿನ ದೋಷ ಅಲ್ಲ, ಎಷ್ಟು ದುಡ್ಡು ಸುರಿದರೂ ಸರಿಹೋಗುವುದಿಲ್ಲ. ವಿವರ ಬೇಕೆಂದರೆ ಆಳ ಹೋಗುತ್ತದೆ, ಆಳ ಬೇಕೆಂದರೆ ವಿವರ ಹೋಗುತ್ತದೆ. ಎರಡೂ ಬೇಕೆಂದರೆ ಇರುವ ದಾರಿ ಸ್ಟ್ಯಾಕಿಂಗ್. ಫೋಕಸನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಹಲವು ಫೋಟೋ ತೆಗೆದು, ಪ್ರತಿಯೊಂದರಿಂದ ಚೂಪಾದ ಭಾಗವನ್ನು ಮಾತ್ರ ಆರಿಸಿ ಸಾಫ್ಟ್‌ವೇರಿನಲ್ಲಿ ಜೋಡಿಸುವುದು. ಇದಕ್ಕೆ ವಸ್ತು ಅಲ್ಲಾಡದೆ ಇರಬೇಕು.

ಇನ್ನು ಲೆನ್ಸಿನ ಮೂತಿಗೂ ವಸ್ತುವಿಗೂ ನಡುವಿನ ಜಾಗ. ಅದು ಕಮ್ಮಿಯಾದರೆ ಬೆಳಕು ಹಾಕಲು ಜಾಗವಿಲ್ಲ, ಜೀವಂತ ಕೀಟ ಓಡಿಹೋಗುತ್ತದೆ. ಕೊನೆಯದು ಫೋಟೋದಿಂದ ಅಳತೆ ತೆಗೆಯಬೇಕೋ ಬೇಡವೋ ಅನ್ನುವುದು. ಇದನ್ನು ಎಲ್ಲರೂ ಮರೆತು, ಪ್ರಬಂಧ ಬರೆಯುವಾಗ ನೆನಪಿಸಿಕೊಳ್ಳುತ್ತಾರೆ.

ಇರುವ ಲೆನ್ಸಿನಲ್ಲೇ ಕೆಲಸ ಸಾಗಿಸುವುದು

ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ದಾರಿ ರಿವರ್ಸಿಂಗ್ ರಿಂಗ್. ಲೆನ್ಸನ್ನು ಹಿಂದುಮುಂದಾಗಿ ಕ್ಯಾಮೆರಾಗೆ ಕೂರಿಸುವುದು. ಕೇಳಲು ತಮಾಷೆ ಅನ್ನಿಸಿದರೂ ಇದರ ಹಿಂದೆ ಕಾರಣ ಇದೆ. ಸಾಮಾನ್ಯ ಲೆನ್ಸನ್ನು ದೂರದ ವಸ್ತು, ಹತ್ತಿರದ ಸೆನ್ಸರ್ ಅನ್ನುವ ಲೆಕ್ಕದಲ್ಲಿ ಮಾಡಿರುತ್ತಾರೆ. 1 ಪಟ್ಟು ದಾಟಿದ ಮೇಲೆ ವಸ್ತು ಹತ್ತಿರ, ಸೆನ್ಸರ್ ದೂರ. ಲೆನ್ಸನ್ನು ತಿರುಗಿಸಿದರೆ ಅದು ಯಾವ ಲೆಕ್ಕಕ್ಕೆ ಹುಟ್ಟಿತ್ತೋ ಅದೇ ಲೆಕ್ಕಕ್ಕೆ ಮರಳುತ್ತದೆ. 50 ಮಿ.ಮೀ. ಲೆನ್ಸ್ ತಿರುಗಿಸಿದರೆ ಸುಮಾರು 1 ಪಟ್ಟು, 28 ಮಿ.ಮೀ. ಆದರೆ ಸುಮಾರು 2 ಪಟ್ಟು ಸಿಗುತ್ತದೆ. ಲೆನ್ಸಿನ ಫೋಕಲ್ ಲೆಂಗ್ತ್, ಅಂದರೆ ಅದರ ಮೇಲೆ ಬರೆದ ಮಿ.ಮೀ. ಸಂಖ್ಯೆ, ಚಿಕ್ಕದಾದಷ್ಟೂ ಮ್ಯಾಗ್ನಿಫಿಕೇಶನ್ ಜಾಸ್ತಿ.

ತೊಂದರೆ ಅಪರ್ಚರಿನದ್ದು. ತಿರುಗಿಸಿದ ಲೆನ್ಸಿಗೂ ಕ್ಯಾಮೆರಾಗೂ ಮಾತುಕತೆ ಇರುವುದಿಲ್ಲ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಒಂದು ಉಪಾಯ ಇದೆ. ಲೆನ್ಸ್ ನೆಟ್ಟಗೆ ಇರುವಾಗಲೇ ಎಫ್ 5.6 ಇಟ್ಟು, ಡೆಪ್ತ್ ಪ್ರಿವ್ಯೂ ಗುಂಡಿ (ಫೋಟೋ ತೆಗೆಯುವ ಮೊದಲೇ ಅಪರ್ಚರ್ ಮುಚ್ಚಿ ತೋರಿಸುವುದು) ಒತ್ತಿ ಹಿಡಿದೇ ಲೆನ್ಸ್ ಕಳಚಿದರೆ ಅಪರ್ಚರ್ ಅಲ್ಲೇ ನಿಲ್ಲುತ್ತದೆ. ಅದಕ್ಕಿಂತ ಸುಲಭವಾದದ್ದು ಅಪರ್ಚರ್ ರಿಂಗ್ ಇರುವ ಹಳೆಯ ಫಿಲ್ಮ್ ಕಾಲದ ಲೆನ್ಸ್. ಹಳೇ ಕ್ಯಾಮೆರಾ ರಿಪೇರಿ ಅಂಗಡಿಗಳಲ್ಲಿ ಮೂಲೆಗೆ ಬಿದ್ದಿರುತ್ತವೆ. ಒಳಗೆ ಬೂಷ್ಟು ಬಂದಿದೆಯೋ ಅಂತ ಟಾರ್ಚ್ ಬಿಟ್ಟು ನೋಡಿ ತನ್ನಿ. ಮಿರರ್‌ಲೆಸ್ ಕ್ಯಾಮೆರಾದ ಹೆಚ್ಚಿನ ಹೊಸ ಲೆನ್ಸ್‌ಗಳು ಮಾತ್ರ ಈ ಕೆಲಸಕ್ಕೆ ಬರುವುದಿಲ್ಲ. ಅವುಗಳ ಫೋಕಸ್ ರಿಂಗ್ ಬರೀ ಒಳಗಿನ ಮೋಟಾರಿಗೆ ಸಂದೇಶ ಕಳಿಸುತ್ತದೆ. ಕರೆಂಟ್ ಇಲ್ಲದಿದ್ದರೆ ಎಷ್ಟು ತಿರುಗಿಸಿದರೂ ಏನೂ ಆಗದು.

ಎಕ್ಸ್‌ಟೆನ್ಶನ್ ಟ್ಯೂಬ್ ಇನ್ನೊಂದು ದಾರಿ. ಗಾಜಿಲ್ಲದ ಖಾಲಿ ಕೊಳವೆ, ಲೆನ್ಸನ್ನು ಸೆನ್ಸರಿನಿಂದ ದೂರ ತಳ್ಳುತ್ತದೆ. ಕೊಳವೆಯ ಉದ್ದವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಎಷ್ಟು ಪಟ್ಟು ಅಂತ ಸಿಗುತ್ತದೆ. 50 ಮಿ.ಮೀ. ಲೆನ್ಸಿಗೆ 50 ಮಿ.ಮೀ. ಕೊಳವೆ ಹಾಕಿದರೆ 1 ಪಟ್ಟು. 200ರ ಲೆನ್ಸಿಗೆ ಅದೇ ಕೊಳವೆ ಹಾಕಿದರೆ ಕಾಲು ಪಟ್ಟು. ಕೊಳ್ಳುವುದಾದರೆ ಒಳಗೆ ಲೋಹದ ಕಾಂಟ್ಯಾಕ್ಟ್ ಇರುವುದನ್ನೇ ಕೊಳ್ಳಿ, ಆಗ ಲೆನ್ಸಿಗೂ ಕ್ಯಾಮೆರಾಗೂ ಮಾತುಕತೆ ಉಳಿಯುತ್ತದೆ.

ಉದ್ದನೆಯ ಜೂಮ್ ಇದ್ದವರಿಗೆ ನಾನು ಮೊದಲು ಹೇಳುವುದು ಮುಂದೆ ಸಿಕ್ಕಿಸುವ ಕ್ಲೋಸಪ್ ಲೆನ್ಸನ್ನು. ರೇನಾಕ್ಸ್ ಡಿಸಿಆರ್-250 ಇದರಲ್ಲಿ ಹೆಸರಾದದ್ದು, 8 ಡಯಾಪ್ಟರ್, ಅಂದರೆ ಫೋಕಲ್ ಲೆಂಗ್ತ್ 125 ಮಿ.ಮೀ. ಹಿಂದಿನ ಲೆನ್ಸಿನ ಫೋಕಸನ್ನು ಇನ್ಫಿನಿಟಿಗೆ (ಅತಿ ದೂರಕ್ಕೆ) ಇಟ್ಟರೆ ಮ್ಯಾಗ್ನಿಫಿಕೇಶನ್ ಅಂದರೆ ಹಿಂದಿನದ್ದನ್ನು ಮುಂದಿನದ್ದರಿಂದ ಭಾಗಿಸಿದ್ದು. 250 ಮಿ.ಮೀ. ಜೂಮಿಗೆ ಹಾಕಿದರೆ 2 ಪಟ್ಟು. ವಸ್ತುವಿಗೆ 12 ಸೆಂ.ಮೀ. ಆಸುಪಾಸು ದೂರ ಉಳಿಯುತ್ತದೆ, ಅಪರ್ಚರ್ ಕ್ಯಾಮೆರಾದಲ್ಲೇ ಬದಲಾಗುತ್ತದೆ, ಬೇಡವಾದಾಗ ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು. ಅಂಚಿನಲ್ಲಿ ಚೂಪು ಸ್ವಲ್ಪ ಕಮ್ಮಿ. ಹೊಲದಲ್ಲಿ ಹುಳ ಗುರುತಿಸುವ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ.

ಮ್ಯಾಕ್ರೋ ಲೆನ್ಸ್: ದುಬಾರಿ, ಆದರೆ ಯಾರಿಗೆ?

90ರಿಂದ 105 ಮಿ.ಮೀ.ವರೆಗಿನ ಮ್ಯಾಕ್ರೋ ಲೆನ್ಸ್ 1 ಪಟ್ಟಿನವರೆಗೆ ಯಾವ ತಕರಾರೂ ಇಲ್ಲದೆ ಹೋಗುತ್ತದೆ. ಚೌಕಟ್ಟಿನ ಮೂಲೆಯಿಂದ ಮೂಲೆಗೆ ಚೂಪು, ಆಟೋಫೋಕಸ್ ಇದೆ, ಜೀವಂತ ಕೀಟ ಬೆದರದಷ್ಟು ದೂರ ಇದೆ. ದಿನಾ ಹೊರಗೆ ಹೋಗಿ ಜೇಡ, ಚಿಟ್ಟೆ, ಆರ್ಕಿಡ್ ಹೂವು ತೆಗೆಯುವವರು ಕಣ್ಣುಮುಚ್ಚಿ ಇದನ್ನೇ ತಗೊಳ್ಳಬಹುದು. ಹರ್ಬೇರಿಯಂ ಹಾಳೆ (ಒಣಗಿಸಿ ಅಂಟಿಸಿದ ಗಿಡ), ಬೀಜ, ಪುರಾತನ ನಾಣ್ಯದಂಥ ಚಪ್ಪಟೆ ವಸ್ತುಗಳಿಗೂ ಇದೇ ಸರಿ, ಯಾಕೆಂದರೆ ಇದು ನೇರ ಗೆರೆಯನ್ನು ನೇರವಾಗಿಯೇ ತೋರಿಸುತ್ತದೆ.

ಆದರೆ ಪ್ರಯೋಗಾಲಯದಲ್ಲಿ ಕೂತು 3 ಮಿ.ಮೀ. ಕಣಜವನ್ನು ತೆಗೆಯುವವರು "ಮ್ಯಾಕ್ರೋ ಅಂದರೆ ಸಣ್ಣದು ತಾನೆ" ಅಂತ ಇದನ್ನು ಕೊಂಡರೆ ಚೌಕಟ್ಟಿನ ಎಂಟರಲ್ಲೊಂದು ಭಾಗದಲ್ಲಿ ಕಣಜ, ಉಳಿದದ್ದೆಲ್ಲ ಹಿನ್ನೆಲೆ. ಅವರಿಗಾಗಿ 1 ಪಟ್ಟು ದಾಟುವ ಲೆನ್ಸ್‌ಗಳಿವೆ. ಕ್ಯಾನನ್ 1999ರಲ್ಲಿ ತಂದ ಎಂಪಿ-ಇ 65 ಮಿ.ಮೀ. 1ರಿಂದ 5 ಪಟ್ಟಿನವರೆಗೆ ಹೋಗುತ್ತದೆ. ಅದರಲ್ಲಿ ಫೋಕಸ್ ರಿಂಗೇ ಇಲ್ಲ! ರಿಂಗ್ ತಿರುಗಿಸಿದರೆ ಮ್ಯಾಗ್ನಿಫಿಕೇಶನ್ ಬದಲಾಗುತ್ತದೆ, ಫೋಕಸ್ ಬೇಕೆಂದರೆ ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಬೇಕು. 5 ಪಟ್ಟಿನಲ್ಲಿ ವಸ್ತು ಲೆನ್ಸಿನಿಂದ ಸುಮಾರು 4 ಸೆಂ.ಮೀ. ದೂರ. ವೀನಸ್ ಆಪ್ಟಿಕ್ಸ್ ಕಂಪನಿಯ ಲಾವಾ 25 ಮಿ.ಮೀ. ಲೆನ್ಸ್ 2.5ರಿಂದ 5 ಪಟ್ಟು ಕೊಡುತ್ತದೆ, ಕ್ಯಾನನ್ನಿನದಕ್ಕಿಂತ ತುಂಬಾ ಅಗ್ಗ. ಮೂತಿ ಸಣ್ಣದಿರುವುದರಿಂದ ಬೆಳಕು ಹಾಕಲೂ ಸಲೀಸು.

ಮೈಕ್ರೋಸ್ಕೋಪ್ ಆಬ್ಜೆಕ್ಟಿವ್ ಕ್ಯಾಮೆರಾದ ಮೇಲೆ

ನನ್ನ ಮಟ್ಟಿಗೆ ಕೊಟ್ಟ ಕಾಸಿಗೆ ಅತಿ ಹೆಚ್ಚು ವಿವರ ಕೊಡುವುದು ಇದು. ಕಾಲೇಜು ಲ್ಯಾಬಿನ ಸಾಮಾನ್ಯ 4 ಎಕ್ಸ್ ಆಬ್ಜೆಕ್ಟಿವ್ ತಗೊಳ್ಳಿ. ಮೈಮೇಲೆ "4/0.10" ಮತ್ತು "160" ಅಂತ ಬರೆದಿರುತ್ತದೆ. 0.10 ಅನ್ನುವುದು ಎನ್‌ಎ. 160 ಅಂದರೆ ಮೈಕ್ರೋಸ್ಕೋಪ್ ಕೊಳವೆಯ ಉದ್ದ, ಮಿಲಿಮೀಟರಿನಲ್ಲಿ. ಬಿಂಬ ಬೀಳುವುದು ಐಪೀಸಿನ ಅಂಚಿಗಿಂತ 10 ಮಿ.ಮೀ. ಕೆಳಗೆ. ಹಾಗಾಗಿ ಆಬ್ಜೆಕ್ಟಿವ್ ತಿರುಪು ಕೂರುವ ಜಾಗದಿಂದ ಸೆನ್ಸರಿಗೆ 150 ಮಿ.ಮೀ. ಇರಬೇಕು. ಕ್ಯಾನನ್ ಡಿಎಸ್‌ಎಲ್‌ಆರ್ ದೇಹದ ಒಳಗೇ 44 ಮಿ.ಮೀ. ಇದೆ. ಮಿಕ್ಕ 106ಕ್ಕೆ ಟ್ಯೂಬ್ ಅಥವಾ ಬೆಲ್ಲೋಸ್ (ಹಿಗ್ಗಿಸಿ ಕುಗ್ಗಿಸಬಹುದಾದ ಮಡಿಕೆ ಕೊಳವೆ) ಹಾಕಿದರೆ ಆಯ್ತು. ಒಂದು ಅಡಾಪ್ಟರ್ ಬೇಕು, ಒಳಗೋಡೆಗೆ ಕಪ್ಪು ಮಖಮಲ್ ಅಥವಾ ಮ್ಯಾಟ್ ಕಪ್ಪು ಕಾಗದ ಅಂಟಿಸಬೇಕು. ಇಲ್ಲದಿದ್ದರೆ ಕೊಳವೆಯ ಒಳಗೆ ಬೆಳಕು ಚಿಮ್ಮಿ ಫೋಟೋ ನಡುವೆ ಬಿಳಿ ಮಬ್ಬು ಕೂರುತ್ತದೆ.

160ರ ಬದಲು ಮಲಗಿಸಿದ 8ರ ಚಿಹ್ನೆ ಇದ್ದರೆ ಅದು ಇನ್ಫಿನಿಟಿ ಆಬ್ಜೆಕ್ಟಿವ್. ಅದಕ್ಕೆ ಬರೀ ಕೊಳವೆ ಸಾಲದು, ಹಿಂದೆ ಇನ್ನೊಂದು ಲೆನ್ಸ್ ಬೇಕು. ನೈಕಾನ್ ಮತ್ತು ಮಿಟುಟೊಯೊ ಆಬ್ಜೆಕ್ಟಿವ್‌ಗಳಿಗೆ ಅದು 200 ಮಿ.ಮೀ., ಒಲಿಂಪಸ್‌ಗೆ 180. ನಿಮ್ಮ ಜೂಮನ್ನು 200ಕ್ಕೆ ಇಟ್ಟು, ಇನ್ಫಿನಿಟಿಗೆ ಫೋಕಸ್ ಮಾಡಿ, ಮುಂದೆ ಆಬ್ಜೆಕ್ಟಿವ್ ಸಿಕ್ಕಿಸಿದರೆ ಸಾಕು. ರೇನಾಕ್ಸ್ ಲೆಕ್ಕವೇ ಇಲ್ಲೂ ನಡೆಯುತ್ತದೆ. 10 ಎಕ್ಸ್ ಆಬ್ಜೆಕ್ಟಿವಿನ ಹಿಂದೆ 100 ಮಿ.ಮೀ. ಇಟ್ಟರೆ 5 ಪಟ್ಟು, ಆದರೆ ಮೂಲೆಗಳು ಕಪ್ಪಾಗಬಹುದು.

4 ಎಕ್ಸ್ ಸಾಕೋ, 10 ಎಕ್ಸ್ ಬೇಕೋ? ಚಗಳಿ ಇರುವೆಯ ತಲೆಯನ್ನೇ ಇಟ್ಟು ಲೆಕ್ಕ ಹಾಕೋಣ. ಮುಂದಿನಿಂದ ಹಿಂದಕ್ಕೆ 1 ಮಿ.ಮೀ. ಆಳ ಫೋಕಸ್ ಬೇಕು ಅಂದುಕೊಳ್ಳಿ. ಎನ್‌ಎ 0.10 ಇದ್ದರೆ ಒಂದು ಫ್ರೇಮಿನ ಆಳ ಸುಮಾರು 55 ಮೈಕ್ರಾನ್. ಒಂದರ ಮೇಲೊಂದು ಸ್ವಲ್ಪ ಹೊದೆಯಬೇಕಲ್ಲ, 40 ಮೈಕ್ರಾನ್ ಹೆಜ್ಜೆ ಇಟ್ಟರೆ 25 ಫೋಟೋ ಸಾಕು. 10 ಎಕ್ಸ್, ಎನ್‌ಎ 0.25 ಆದರೆ ಆಳ 9 ಮೈಕ್ರಾನ್‌ಗೆ ಇಳಿಯುತ್ತದೆ. 6 ಮೈಕ್ರಾನ್ ಹೆಜ್ಜೆಯಲ್ಲಿ 165ರ ಮೇಲೆ ಫೋಟೋ ಬೇಕು. ಬದಲಿಗೆ ಸಿಗುವುದೇನು? ಬಿಡಿಸಿ ಕಾಣುವ ಅತಿ ಸಣ್ಣ ವಿವರ 3.4 ಮೈಕ್ರಾನಿನಿಂದ 1.3ಕ್ಕೆ ಬರುತ್ತದೆ. ಕಣ್ಣಿನ ಒಂದೊಂದು ಮುಖ, ಕೂದಲಿನ ಬುಡ, ಚಿಪ್ಪಿನ ಮೇಲಿನ ಗೀರು ಬೇಕೆಂದರೆ ಅಷ್ಟು ಕಷ್ಟಪಡಬೇಕು. ಜಾತಿ ಗುರುತಿಸಲು ತಲೆಯ ಆಕಾರ, ಹಲ್ಲಿನ ಎಣಿಕೆ ಸಾಕೆಂದರೆ 4 ಎಕ್ಸ್ ಧಾರಾಳ.

ಜಾಗದ ವಿಷಯವೂ ನೋಡಿ. ಸಾಮಾನ್ಯ 10 ಎಕ್ಸ್ ಅನ್ನು ಸ್ಲೈಡಿಗಾಗಿ ಮಾಡಿರುತ್ತಾರೆ, ವಸ್ತುವಿನಿಂದ ಕೆಲವೇ ಮಿಲಿಮೀಟರ್ ದೂರ. ಮೇಲಿನಿಂದ ಬೆಳಕು ಬಿಡಲು ಸಂದು ಇರುವುದಿಲ್ಲ. ಮಿಟುಟೊಯೊ ಎಂ ಪ್ಲಾನ್ ಅಪೋ 10 ಎಕ್ಸ್ ಆದರೆ 34 ಮಿ.ಮೀ. ದೂರ ಬಿಡುತ್ತದೆ. ಅದರ ಹೆಸರೂ ಬೆಲೆಯೂ ದೊಡ್ಡದಾಗಿರುವುದಕ್ಕೆ ಇದೂ ಒಂದು ಕಾರಣ. ವಿಭಾಗಕ್ಕೆ ಪ್ರಾಜೆಕ್ಟ್ ದುಡ್ಡು ಬಂದಿದ್ದರೆ ಮಾತ್ರ ಆ ಕಡೆ ನೋಡಿ.

"ನಮ್ಮಲ್ಲಿ ಸ್ಟೀರಿಯೋ ಮೈಕ್ರೋಸ್ಕೋಪ್ ಇದೆ, ಅದರ ಮೇಲೇ ಕ್ಯಾಮೆರಾ ಹಾಕಿದರೆ ಆಗಲ್ವಾ?" ಆಗುತ್ತದೆ, ಆದರೆ ಅದು ಇರುವುದು ನೋಡಲಿಕ್ಕೆ, ವಿಂಗಡಿಸಲಿಕ್ಕೆ. ಸಾಮಾನ್ಯ ಮಾದರಿಗಳಲ್ಲಿ ಎರಡು ಕಣ್ಣಿನ ದಾರಿಗಳೂ ಓರೆಯಾಗಿರುತ್ತವೆ. ಕ್ಯಾಮೆರಾ ಒಂದು ದಾರಿಯಲ್ಲಿ ನೋಡುವುದರಿಂದ ಫೋಕಸ್ ಸರಿಸಿದಂತೆ ವಸ್ತು ಪಕ್ಕಕ್ಕೆ ಜರುಗುತ್ತದೆ. ಸಾಫ್ಟ್‌ವೇರ್ ಅದನ್ನು ಸರಿಪಡಿಸಿದರೂ ನೋಟ ಓರೆಯಾಗಿಯೇ ಉಳಿಯುತ್ತದೆ.

ಇನ್ನು ಕೈಯಲ್ಲಿ ಕಾಸೇ ಇಲ್ಲದ ಶಾಲೆಗಳಿಗೆ ಮನು ಪ್ರಕಾಶ್ ಮತ್ತು ಜಿಮ್ ಸೈಬುಲ್ಸ್ಕಿ ರೂಪಿಸಿದ ಕಾಗದದ ಮೈಕ್ರೋಸ್ಕೋಪ್ ಫೋಲ್ಡ್‌ಸ್ಕೋಪ್ ಇದೆ. ಸುಮಾರು 140 ಪಟ್ಟು, ಮೊಬೈಲ್ ಅಂಟಿಸಿ ಫೋಟೋ ತೆಗೆಯಬಹುದು. ಸ್ಲೈಡಿನ ಮೇಲಿನ ತೆಳು ವಸ್ತುಗಳಿಗೆ ಚೆನ್ನ, ಇಡೀ ಕೀಟಕ್ಕಲ್ಲ.

ಫೋಕಸ್: ಲೆನ್ಸಿಗಿಂತ ಇಲ್ಲೇ ಹೆಚ್ಚು ಯೋಚಿಸಿ

ಡಿಎಸ್‌ಎಲ್‌ಆರ್ ಆಟೋಫೋಕಸ್‌ಗೆ ಸಾಮಾನ್ಯವಾಗಿ ಎಫ್ 5.6ರಷ್ಟಾದರೂ ಬೆಳಕು ಬೇಕು. 1 ಪಟ್ಟು ದಾಟಿದರೆ ನಿಜವಾದ ಅಪರ್ಚರ್ ಅದಕ್ಕಿಂತ ಚಿಕ್ಕದಾಗಿ ಮೋಟಾರ್ ಅತ್ತಿತ್ತ ತಡಕಾಡುತ್ತದೆ. ಆಫ್ ಮಾಡಿಬಿಡಿ. ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂದಿನ ಪರದೆಯಲ್ಲಿ) 10 ಪಟ್ಟು ಹಿಗ್ಗಿಸಿ ಕಣ್ಣಲ್ಲೇ ನೋಡುವುದು ಒಳ್ಳೆಯದು. ಜೀವಂತ ಕೀಟಕ್ಕೆ ಫೋಕಸನ್ನು ಒಂದು ಕಡೆ ನಿಲ್ಲಿಸಿ, ಮೈಯನ್ನೇ ಹಿಂದೆ ಮುಂದೆ ಬಾಗಿಸುತ್ತಾ ಕಣ್ಣು ಚೂಪಾದಾಗ ಒತ್ತುವುದೇ ಸುಲಭದ ವಿಧಾನ. ಫ್ಲ್ಯಾಶ್ ಇದ್ದರೆ ಕೈನಡುಕ ಕಾಣುವುದಿಲ್ಲ.

ಸ್ಟ್ಯಾಕಿಂಗ್‌ಗೆ ಫೋಕಸ್ ಸರಿಸುವುದು ಎರಡು ರೀತಿ. ಲೆನ್ಸಿನ ಫೋಕಸ್ ರಿಂಗ್ ಸರಿಸುವುದು ಒಂದು. ನೈಕಾನ್ ಡಿ850, ಕ್ಯಾನನ್ ಇಒಎಸ್ ಆರ್‌ಪಿ, ಒಲಿಂಪಸ್ಸಿನ ಕೆಲವು ಕ್ಯಾಮೆರಾಗಳು ಇದನ್ನು ತಾವೇ ಮಾಡುತ್ತವೆ. 1 ಪಟ್ಟಿನವರೆಗೆ ಇದರಷ್ಟು ಸಲೀಸು ಬೇರೆ ಇಲ್ಲ. ನಿಮ್ಮ ಕ್ಯಾಮೆರಾದಲ್ಲಿ ಈ ಸೌಲಭ್ಯ ಇದ್ದರೆ ರೈಲ್ (ಕ್ಯಾಮೆರಾವನ್ನು ಸ್ವಲ್ಪ ಸ್ವಲ್ಪ ಸರಿಸುವ ಹಳಿ) ಕೊಳ್ಳುವ ಮುಂಚೆ ಮೆನು ಹುಡುಕಿ ನೋಡಿ.

1 ಪಟ್ಟು ದಾಟಿದ ಮೇಲೆ ರಿಂಗ್ ತಿರುಗಿಸಿದರೆ ಫೋಕಸಿಗಿಂತ ಮ್ಯಾಗ್ನಿಫಿಕೇಶನ್ನೇ ಹೆಚ್ಚು ಬದಲಾಗುತ್ತದೆ. ಅಲ್ಲಿ ಇಡೀ ಕ್ಯಾಮೆರಾವನ್ನೋ ವಸ್ತುವನ್ನೋ ರೈಲಿನ ಮೇಲೆ ಸರಿಸಬೇಕು. ಅಗ್ಗದ ಕೈರೈಲಿನ ತಿರುಪು ಒಂದು ಸುತ್ತಿಗೆ 1 ಮಿ.ಮೀ. ಸರಿಯುತ್ತದೆ ಅಂದುಕೊಂಡರೆ, 4 ಎಕ್ಸ್‌ಗೆ ಬೇಕಾದ 40 ಮೈಕ್ರಾನ್ ಅಂದರೆ ಸುತ್ತಿನ ಇಪ್ಪತ್ತೈದನೇ ಒಂದು ಭಾಗ. ತಾಳ್ಮೆ ಇದ್ದರೆ ಮಾಡಬಹುದು. 10 ಎಕ್ಸ್‌ಗೆ ಬೇಕಾದ 6 ಮೈಕ್ರಾನ್ ಕೈಯಲ್ಲಿ ಆಗದ ಮಾತು. ಅದಕ್ಕೆ ಮೋಟಾರ್ ರೈಲ್ ಇದೆ. ಇಲ್ಲವಾದರೆ ಗುಜರಿಗೆ ಹೋಗಲಿರುವ ಲ್ಯಾಬ್ ಮೈಕ್ರೋಸ್ಕೋಪಿನ ಸ್ಟ್ಯಾಂಡ್ ಹುಡುಕಿ. ಗಾಜು ಬೂಷ್ಟು ಹಿಡಿದು ಹಾಳಾಗಿದ್ದರೂ ಅದರ ಫೈನ್ ಫೋಕಸ್ ಗುಂಡಿ ಗಟ್ಟಿಮುಟ್ಟಾಗಿರುತ್ತದೆ. ಹಲವು ಮಾದರಿಗಳಲ್ಲಿ ಗುಂಡಿಯ ಮೇಲೆ ಗೆರೆಗಳಿದ್ದು, ಒಂದು ಗೆರೆಗೆ ಒಂದೆರಡು ಮೈಕ್ರಾನ್ ಸರಿಯುತ್ತದೆ. ವಸ್ತುವನ್ನು ಅದರ ಮೇಲಿಟ್ಟು, ಕ್ಯಾಮೆರಾವನ್ನು ಮೇಲೆ ಗಟ್ಟಿಯಾಗಿ ನಿಲ್ಲಿಸಿದರೆ ದುಬಾರಿ ರೈಲಿನ ಕೆಲಸ ಇದೇ ಮಾಡುತ್ತದೆ.

ಅಲುಗಾಟ ದೊಡ್ಡ ಶತ್ರು. ಪಕ್ಕದ ರಸ್ತೆಯಲ್ಲಿ ಲಾರಿ ಹೋದರೂ 10 ಪಟ್ಟಿನಲ್ಲಿ ಬಿಂಬ ನಡುಗುವುದು ಪರದೆಯ ಮೇಲೆ ಕಾಣುತ್ತದೆ. ಫ್ಯಾನ್ ಆಫ್ ಮಾಡಿ, ಎಲೆಕ್ಟ್ರಾನಿಕ್ ಶಟರ್ ಇದ್ದರೆ ಬಳಸಿ, ಪ್ರತಿ ಹೆಜ್ಜೆಯ ನಂತರ ಒಂದೆರಡು ಸೆಕೆಂಡ್ ಬಿಡಿ. ಬೆಳಕಿಗೆ ಪಿಂಗ್‌ಪಾಂಗ್ ಚೆಂಡನ್ನು ಅರ್ಧ ಕತ್ತರಿಸಿ ವಸ್ತುವಿನ ಮೇಲೆ ಕವುಚಿ, ತುದಿಯಲ್ಲಿ ಲೆನ್ಸಿಗೆ ತೂತು ಮಾಡಿ. ಇರುವೆಯಂಥ ಹೊಳೆಯುವ ಚಿಪ್ಪಿಗೆ ಇದರಿಂದ ಆಗುವ ವ್ಯತ್ಯಾಸ ಲೆನ್ಸ್ ಬದಲಿಸಿದರೂ ಆಗುವುದಿಲ್ಲ.

ಸ್ಟ್ಯಾಕ್ ಜೋಡಿಸುವ ಸಾಫ್ಟ್‌ವೇರುಗಳಲ್ಲಿ ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಎರಡೂ ದುಡ್ಡಿನವು. ಪಿಕೊಲೇ ಉಚಿತ. ಕೂದಲು, ಮೀಸೆ ಒಂದರ ಮೇಲೊಂದು ಹಾಯುವ ಕೀಟಗಳಿಗೆ ಝೆರೀನ್‌ನ ಪಿಮ್ಯಾಕ್ಸ್ ವಿಧಾನ ಚೆನ್ನ, ಆದರೆ ಬಣ್ಣ ಸ್ವಲ್ಪ ಬದಲಾಗಬಹುದು, ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳುಕಾಳು ಚುಕ್ಕೆ) ಸ್ವಲ್ಪ ಹೆಚ್ಚುತ್ತದೆ. ನಯವಾದ ಬೀಜ, ಚಿಪ್ಪುಗಳಿಗೆ ಅದರದೇ ಇನ್ನೊಂದು ವಿಧಾನ ಡಿಮ್ಯಾಪ್ ಸಾಕು.

ಯಾರಿಗೆ ಯಾವುದು

ಹೊರಗೆ ಜೀವಂತ ಕೀಟ, ಬಜೆಟ್ ಇದೆ: 100 ಮಿ.ಮೀ. ಮ್ಯಾಕ್ರೋ, ಫ್ಲ್ಯಾಶ್, ಮುಂದೊಂದು ಡಿಫ್ಯೂಸರ್ (ಬೆಳಕನ್ನು ಮೃದುವಾಗಿ ಹರಡುವ ಪರದೆ). ಬಜೆಟ್ ಇಲ್ಲ, ಜೂಮ್ ಇದೆ: ರೇನಾಕ್ಸ್. ಅದೂ ಬೇಡ, ಬರೀ 18-55 ಮಿ.ಮೀ. ಲೆನ್ಸ್ ಇದೆ ಅಂದರೆ ರಿವರ್ಸಿಂಗ್ ರಿಂಗಿನಿಂದ ಶುರುಮಾಡಿ. ಇಷ್ಟವಾಗದಿದ್ದರೆ ಹೋದದ್ದು ಒಂದು ಊಟದ ದುಡ್ಡು.

ಪಿನ್ ಮಾಡಿಟ್ಟ ಕೀಟ, 2ರಿಂದ 6 ಮಿ.ಮೀ. ಗಾತ್ರ, ಗುರುತಿಸಲು ತಜ್ಞರಿಗೆ ಕಳಿಸಬೇಕು: 4 ಎಕ್ಸ್ ಆಬ್ಜೆಕ್ಟಿವ್, ಹಳೇ ಮೈಕ್ರೋಸ್ಕೋಪ್ ಸ್ಟ್ಯಾಂಡ್, ಪಿಂಗ್‌ಪಾಂಗ್ ಚೆಂಡು. ಗಾತ್ರ ದಿನಾ ಬದಲಾಗುವುದಾದರೆ 2.5ರಿಂದ 5 ಪಟ್ಟಿನ ಲೆನ್ಸ್ ಒಳ್ಳೆಯದು, ಪ್ರತಿ ಸಲ ಕೊಳವೆ ಬಿಚ್ಚಿ ಹಾಕುವ ರಗಳೆ ಇಲ್ಲ. ಇರುವೆಯಾದರೆ ಇರುವೆಗಳ ಫೋಟೋ ದಾಖಲೆಯ ಜಾಲತಾಣ ಆ್ಯಂಟ್‌ವೆಬ್‌ನಲ್ಲಿ ಇರುವಂತೆ ತಲೆಯ ಮುಂಭಾಗ, ಪಕ್ಕದ ನೋಟ, ಮೇಲಿನ ನೋಟ ಮೂರನ್ನೂ ತೆಗೆಯಿರಿ. ಒಂದೇ ಕೋನದ ಅದ್ಭುತ ಫೋಟೋಗಿಂತ ಮೂರು ಸಾಧಾರಣ ಫೋಟೋ ತಜ್ಞರಿಗೆ ಹೆಚ್ಚು ಉಪಯೋಗ.

ಅಳತೆಯೇ ಮುಖ್ಯ ಅಂದರೆ ಎಚ್ಚರ. ಸಾಮಾನ್ಯ ಲೆನ್ಸಿನಲ್ಲಿ ಹತ್ತಿರದ ಭಾಗ ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಬೀಳುತ್ತದೆ. ಸ್ಟ್ಯಾಕ್ ಜೋಡಿಸುವಾಗ ಸಾಫ್ಟ್‌ವೇರ್ ಪ್ರತಿ ಫ್ರೇಮನ್ನೂ ಹಿಗ್ಗಿಸಿ ಕುಗ್ಗಿಸುತ್ತದೆ, ಯಾವ ಫ್ರೇಮನ್ನು ಆಧಾರ ಮಾಡಿಕೊಂಡಿತೋ ಅದರ ಅಳತೆ ಉಳಿಯುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕಾಗಿಯೇ ಟೆಲಿಸೆಂಟ್ರಿಕ್ ಲೆನ್ಸ್ ಬಳಸುತ್ತಾರೆ, ಅದರಲ್ಲಿ ವಸ್ತು ಸ್ವಲ್ಪ ಹಿಂದೆ ಮುಂದೆ ಆದರೂ ಗಾತ್ರ ಬದಲಾಗುವುದಿಲ್ಲ. ಅದರ ಮುಂದಿನ ಗಾಜು ವಸ್ತುವಿನಷ್ಟಾದರೂ ಅಗಲ ಇರಬೇಕು. ಹಾಗಾಗಿ ಬೀಜದಂಥ ಸಣ್ಣ ವಸ್ತುವಿಗೆ ಸರಿ, ದೊಡ್ಡದಕ್ಕೆ ಭಾರ ಮತ್ತು ದುಬಾರಿ. ಅದು ಕೈಗೆಟುಕದಿದ್ದರೆ ಅಳತೆಗೆಂದೇ ಸ್ಟ್ಯಾಕ್ ಮಾಡದ ಒಂದು ಫೋಟೋ ಬೇರೆ ತೆಗೆಯಿರಿ, ಅಳೆಯಬೇಕಾದ ಎರಡೂ ತುದಿಗಳು ಒಟ್ಟಿಗೆ ಫೋಕಸಿನಲ್ಲಿರುವಂತೆ. ಅದೇ ಸೆಟ್ಟಿಂಗಿನಲ್ಲಿ, ಏನನ್ನೂ ಮುಟ್ಟದೆ, ಸ್ಟೇಜ್ ಮೈಕ್ರೋಮೀಟರಿನದೂ ಒಂದು ತೆಗೆದಿಡಿ. 1 ಮಿ.ಮೀ.ನಲ್ಲಿ 100 ಗೆರೆ ಇರುವ ಗಾಜಿನ ಪಟ್ಟಿ ಅದು, ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ.